ಊದಿದ ಉಸಿರು, ಬಂದ ಅಂಕಿ: ಕೋರ್ಟಿನಲ್ಲಿ ಯಾವುದು ನಿಲ್ಲುತ್ತದೆ?

2025ರ ಜುಲೈನಲ್ಲಿ ಕೇರಳದ ಪಂದಳಂ ಬಸ್ ಡಿಪೋದಿಂದ ಒಂದು ಸುದ್ದಿ ಬಂತು. ಡ್ಯೂಟಿಗೆ ಬಂದ ಡ್ರೈವರ್‌ಗಳನ್ನು ಎಂದಿನಂತೆ ಊದಿಸಿದರೆ, ಯಂತ್ರ ಆಲ್ಕೋಹಾಲ್ ಇದೆ ಎಂದಿತು. ಅವರು ಕುಡಿದಿರಲಿಲ್ಲ. ತಿಂದಿದ್ದು ಚೆನ್ನಾಗಿ ಕಳಿತ ಹಲಸಿನ ತೊಳೆ. ಕುಡಿಯದ ಒಬ್ಬರನ್ನು ಮೊದಲು ಊದಿಸಿ ಸೊನ್ನೆ ನೋಡಿಕೊಂಡು, ಆಮೇಲೆ ಹಲಸು ತಿನ್ನಿಸಿ ಮತ್ತೆ ಊದಿಸಿದರು. ಅಂಕಿ ಏರಿತು. ಡ್ರೈವರ್‌ಗಳು ಬಚಾವಾದರು. (ಅದೂ ಕೆಎಸ್‌ಆರ್‌ಟಿಸಿಯೇ. ಆದರೆ ಅವರದ್ದು, ನಮ್ಮದಲ್ಲ.)

ಆ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿದ್ದೇ ಓಡಾಡಿದ್ದು. ಶನಿವಾರ ರಾತ್ರಿ ಹನ್ನೊಂದಕ್ಕೆ ಬೆಂಗಳೂರಿನ ರಸ್ತೆಯಲ್ಲಿ ಸಿಕ್ಕಿಬಿದ್ದವರಿಗೆಲ್ಲ "ಹಲಸು ತಿಂದಿದ್ದೆ ಸಾರ್" ಅನ್ನುವ ಹೊಸ ನೆಪ ಸಿಕ್ಕಿತು. ಆದರೆ ಮಿತಿ 30 ಇರುವಾಗ ಯಂತ್ರದಲ್ಲಿ 64 ಬಂದವನನ್ನು ಹಲಸು ಕಾಪಾಡುವುದಿಲ್ಲ. ಪಂದಳಂನಲ್ಲಿ ಬಂದ ಅಂಕಿಗಳು ಹತ್ತರ ಆಸುಪಾಸಿನವು. ಬಸ್ ಡ್ರೈವರ್‌ಗೆ ಸೊನ್ನೆಯೇ ಇರಬೇಕು ಎಂಬ ನಿಯಮ ಇದ್ದಿದ್ದರಿಂದ ಅದು ಸುದ್ದಿಯಾಯಿತು. ಹಲಸಿನಿಂದ ಬಾಯಲ್ಲಿ ಉಳಿಯುವ ಆಲ್ಕೋಹಾಲ್ ಕಾಲು ಗಂಟೆಯಲ್ಲಿ ಹೋಗಿಬಿಡುತ್ತದೆ.

ಹಾಗಾದರೆ ಈ ಸಾಕ್ಷ್ಯವನ್ನು ಪ್ರಶ್ನಿಸಲು ಜಾಗವೇ ಇಲ್ಲವೇ? ಇದೆ, ಬೇಕಾದಷ್ಟಿದೆ. ಅದನ್ನು ಕುಡಿದವನ ಹೊಟ್ಟೆಯಲ್ಲಿ ಹುಡುಕಿ ಪ್ರಯೋಜನವಿಲ್ಲ, ಯಂತ್ರದ ಕಾಗದಪತ್ರದಲ್ಲಿ ಹುಡುಕಬೇಕು.

ಮೊದಲು ಕಾನೂನು ನೋಡೋಣ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 185ರ ಪ್ರಕಾರ 100 ಮಿಲಿ ಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಆಲ್ಕೋಹಾಲ್ ಇದ್ದರೆ ಅಪರಾಧ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕರೆ ಎರಡು ವರ್ಷದವರೆಗೆ ಜೈಲು ಅಥವಾ 15,000 ರೂಪಾಯಿ. 2019ರ ಸೆಪ್ಟೆಂಬರ್ 1ಕ್ಕಿಂತ ಮುಂಚೆ ಮೊದಲ ಸಲದ ದಂಡ 2,000 ದಾಟುತ್ತಿರಲಿಲ್ಲ. ದಂಡ ಒಮ್ಮೆಲೇ ಇಷ್ಟು ಏರಿತು. ಸಾಕ್ಷ್ಯ ಕಲೆಹಾಕುವ ರೀತಿ ಮಾತ್ರ ಅಷ್ಟಾಗಿ ಬದಲಾಗಲಿಲ್ಲ.

ಕಾಯ್ದೆ ಹೇಳುವುದು ರಕ್ತದ ಲೆಕ್ಕ. ಪೊಲೀಸರು ಅಳೆಯುವುದು ಉಸಿರು. ಉಸಿರಿಗೆ ಇಷ್ಟೇ ಮಿತಿ ಎಂದು ಕಾಯ್ದೆಯಲ್ಲಿ ಬೇರೆ ಅಂಕಿಯಿಲ್ಲ. ಉಸಿರಿನಿಂದ ರಕ್ತದ ಲೆಕ್ಕಕ್ಕೆ ಬರುವ ಕೆಲಸವನ್ನು ಯಂತ್ರವೇ ಒಳಗೊಳಗೆ ಮಾಡಿಕೊಳ್ಳುತ್ತದೆ.

ಅದು ಹೇಗೆ ಮಾಡುತ್ತದೆ? ರಸ್ತೆಯಲ್ಲಿ ಹಿಡಿಯುವ ಆಲ್ಕೋಮೀಟರ್‌ಗಳಲ್ಲಿ ಹೆಚ್ಚಾಗಿ ಇರುವುದು ಫ್ಯೂಯಲ್ ಸೆಲ್. ಉಸಿರಿನಲ್ಲಿರುವ ಆಲ್ಕೋಹಾಲ್ ಪ್ಲಾಟಿನಂ ಲೇಪದ ಮೇಲೆ ಬಿದ್ದಾಗ ಸಣ್ಣ ವಿದ್ಯುತ್ ಹುಟ್ಟುತ್ತದೆ. ಆಲ್ಕೋಹಾಲ್ ಜಾಸ್ತಿ ಇದ್ದಷ್ಟೂ ವಿದ್ಯುತ್ ಜಾಸ್ತಿ. ಅದನ್ನು ಉಸಿರಿನ ಆಲ್ಕೋಹಾಲ್ ಎಂದು ಲೆಕ್ಕ ಹಾಕಿ, ಒಂದು ಅನುಪಾತದಿಂದ ಗುಣಿಸಿ ರಕ್ತದ ಅಂಕಿ ತೋರಿಸುತ್ತದೆ. ಸಾಮಾನ್ಯವಾಗಿ ಬಳಸುವ ಅನುಪಾತ 2100ಕ್ಕೆ 1. ಅಂದರೆ 2100 ಮಿಲಿ ಲೀಟರ್ ಉಸಿರಿನಲ್ಲಿ ಇರುವಷ್ಟೇ ಆಲ್ಕೋಹಾಲ್ 1 ಮಿಲಿ ಲೀಟರ್ ರಕ್ತದಲ್ಲಿ ಇರುತ್ತದೆ ಎಂಬ ಊಹೆ.

ಇದು ಎಲ್ಲರಿಗೂ ಹೊಂದುವ ಸತ್ಯವಲ್ಲ, ಒಂದು ಸರಾಸರಿ. ಒಬ್ಬರಿಂದ ಒಬ್ಬರಿಗೆ ಬದಲಾಗುತ್ತದೆ. ಒಬ್ಬರಲ್ಲೇ ಕುಡಿದ ಹೊಸತರಲ್ಲಿ ಒಂದು ಥರ, ಎರಡು ತಾಸಿನ ನಂತರ ಇನ್ನೊಂದು ಥರ. ದೇಶಗಳೂ ಒಂದೇ ಅನುಪಾತ ಹಿಡಿದಿಲ್ಲ. ಇಂಗ್ಲೆಂಡಿನಲ್ಲಿ 100 ಮಿಲಿ ಲೀಟರ್ ರಕ್ತಕ್ಕೆ ಮಿತಿ 80 ಮಿಲಿಗ್ರಾಂ, ಅಷ್ಟೇ ಉಸಿರಿಗೆ 35 ಮೈಕ್ರೋಗ್ರಾಂ. ಭಾಗಿಸಿದರೆ ಅನುಪಾತ ಸುಮಾರು 2300. ಫ್ರಾನ್ಸಿನ ಎರಡು ಮಿತಿಗಳನ್ನು ಹಾಗೇ ಭಾಗಿಸಿದರೆ 2000 ಬರುತ್ತದೆ.

ಇದು ಬರೀ ಪುಸ್ತಕದ ಚರ್ಚೆಯಲ್ಲ. ನಮ್ಮ ಮಿತಿಯ ಹತ್ತಿರ ಇಟ್ಟು ನೋಡಿ. ಒಬ್ಬನ ಒಂದು ಲೀಟರ್ ಉಸಿರಿನಲ್ಲಿ 0.143 ಮಿಲಿಗ್ರಾಂ ಆಲ್ಕೋಹಾಲ್ ಇದೆ ಎನ್ನಿ. 2000ದ ಲೆಕ್ಕದಲ್ಲಿ ಅವನ ಅಂಕಿ 29ಕ್ಕಿಂತ ಸ್ವಲ್ಪ ಕಡಿಮೆ. 2100ರಲ್ಲಿ 30. 2300ರಲ್ಲಿ 33ರ ಹತ್ತಿರ. ಉಸಿರು ಅದೇ, ಮನುಷ್ಯ ಅವನೇ. ಒಂದು ಲೆಕ್ಕದಲ್ಲಿ ಮನೆಗೆ ಹೋಗಬಹುದು, ಇನ್ನೊಂದರಲ್ಲಿ ಗಾಡಿ ಸ್ಟೇಷನ್‌ಗೆ.

ಇನ್ನು ಯಂತ್ರದ ಸ್ವಂತ ಏರುಪೇರು. ಕೋರ್ಟಿಗೆ ಸಾಕ್ಷ್ಯವಾಗಿ ಹೋಗುವ ಉಸಿರು ಯಂತ್ರಗಳಿಗೆ ಆರ್ 126 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. ಹೊಸ ಯಂತ್ರಕ್ಕೇ ಅದು ಲೀಟರಿಗೆ 0.020 ಮಿಲಿಗ್ರಾಂ ಆಚೀಚೆಗೆ ಅವಕಾಶ ಕೊಡುತ್ತದೆ. ನಮ್ಮ ಲೆಕ್ಕಕ್ಕೆ ತಂದರೆ ಸುಮಾರು 4 ಅಂಕಿ. ಅಂದರೆ 33 ತೋರಿಸಿದ ಒಳ್ಳೆಯ ಯಂತ್ರವೂ 29 ಇರುವವನನ್ನೇ ಅಳೆದಿರಬಹುದು. ಇಂಗ್ಲೆಂಡಿನಲ್ಲಿ ಎರಡು ಸಲ ಊದಿಸಿ ಕಡಿಮೆ ಬಂದದ್ದನ್ನೇ ಹಿಡಿಯುತ್ತಾರೆ. ಮಿತಿ 35 ಇದ್ದರೂ 40 ಮುಟ್ಟುವವರೆಗೆ ಸಾಮಾನ್ಯವಾಗಿ ಕೇಸ್ ಹಾಕುವುದಿಲ್ಲ. ನಮ್ಮ ಕಾಯ್ದೆಯಲ್ಲಿ ಇಂಥ ಬಿಡುವಿನ ಮಾತೇ ಇಲ್ಲ. 31 ಬಂದರೂ ಕೇಸು, 131 ಬಂದರೂ ಕೇಸು. ನನ್ನ ಪ್ರಕಾರ 31ರಿಂದ 35ರ ನಡುವಿನ ಕೇಸುಗಳಲ್ಲಿ ರಕ್ತ ಪರೀಕ್ಷೆ ಇಲ್ಲದೆ ಶಿಕ್ಷೆ ಕೊಡುವುದು ಸರಿಯಲ್ಲ.

ಊದುವ ರೀತಿಯೂ ಅಂಕಿ ಬದಲಿಸುತ್ತದೆ. ಉಸಿರು ಕಟ್ಟಿ ಹಿಡಿದು ಆಮೇಲೆ ಊದಿದರೆ ಅಂಕಿ ಏರುತ್ತದೆ. ಜೋರಾಗಿ ಏದುಸಿರು ಬಿಟ್ಟು ಊದಿದರೆ ಇಳಿಯುತ್ತದೆ. ಉಸಿರಿನ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅಂಕಿ ಶೇ 6ರಿಂದ 7ರಷ್ಟು ಏರುತ್ತದೆ. ಮೈಯಲ್ಲಿ ಎರಡು ಡಿಗ್ರಿ ಜ್ವರ ಇದ್ದು ನಿಜವಾದ ಮಟ್ಟ 28 ಇದ್ದರೆ ಯಂತ್ರ 31 ತೋರಿಸಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಬಾಯಿಯ ಆಲ್ಕೋಹಾಲ್. ಯಂತ್ರಕ್ಕೆ ಬೇಕಿರುವುದು ಶ್ವಾಸಕೋಶದ ಆಳದಿಂದ ಬರುವ ಗಾಳಿ. ಈಗಷ್ಟೇ ಕೊನೆಯ ಗುಟುಕು ಕುಡಿದಿದ್ದರೆ, ತೇಗು ಬಂದಿದ್ದರೆ, ವಾಂತಿ ಆಗಿದ್ದರೆ, ಸ್ಪಿರಿಟ್ ಇರುವ ಮೌತ್‌ವಾಶ್ ಹಾಕಿ ಮುಕ್ಕಳಿಸಿದ್ದರೆ ಬಾಯಲ್ಲಿ ಉಳಿದದ್ದೇ ಯಂತ್ರಕ್ಕೆ ಹೋಗುತ್ತದೆ. ಅದಕ್ಕೇ ಬೇರೆ ದೇಶಗಳಲ್ಲಿ ಊದಿಸುವ ಮುಂಚೆ 15ರಿಂದ 20 ನಿಮಿಷ ಕಾಯಿಸಿ, ಆ ಹೊತ್ತು ವ್ಯಕ್ತಿಯ ಮೇಲೆ ಕಣ್ಣಿಡುತ್ತಾರೆ. ಏನೂ ಬಾಯಿಗೆ ಹಾಕಬಾರದು. ತೇಗು ಬಂದರೆ ಗಡಿಯಾರ ಮತ್ತೆ ಮೊದಲಿನಿಂದ.

ನಮ್ಮ ರಸ್ತೆಗಳಲ್ಲಿ ಏನಾಗುತ್ತದೆ? ಬ್ಯಾರಿಕೇಡ್ ಹತ್ತಿರ ಗಾಡಿ ನಿಲ್ಲಿಸುತ್ತಾರೆ. ಮೊದಲು ಪೈಪ್ ಹಾಕದೆ ಯಂತ್ರವನ್ನು ಮುಖದ ಹತ್ತಿರ ಹಿಡಿದು ಊದಿಸುತ್ತಾರೆ. ಅದು ಬರೀ ಜರಡಿ. ಬೀಪ್ ಬಂದರೆ ಹೊಸ ಪೈಪ್ ಸಿಕ್ಕಿಸಿ ಅಂಕಿ ಬರುವ ಹಾಗೆ ಊದಿಸುತ್ತಾರೆ. ಎರಡರ ನಡುವೆ ಎಷ್ಟು ಹೊತ್ತು? ಹಿಂದೆ ನಾಲ್ಕು ಕಾರು ಹಾರ್ನ್ ಹೊಡೆಯುತ್ತಿರುವಾಗ ಕಾಲು ಗಂಟೆ ಯಾರು ಕಾಯುತ್ತಾರೆ, ಅಲ್ವಾ? ಕಾಯ್ದೆಯಲ್ಲಿ ಕಾಯಬೇಕು ಎಂಬ ಮಾತೂ ಇಲ್ಲ. "ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ" ಪರೀಕ್ಷೆ ಮಾಡಿ ಅನ್ನುತ್ತದೆ ಸೆಕ್ಷನ್ 203. ಅದಕ್ಕೂ ಕಾರಣವಿದೆ. ಗಟಗಟ ಕುಡಿದು ಹೊರಟವನ ರಕ್ತದಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೆ ಮಟ್ಟ ಏರುತ್ತಲೇ ಹೋಗಬಹುದು. ಗಾಡಿ ಓಡಿಸುವಾಗ 22 ಇದ್ದದ್ದು ಮುಕ್ಕಾಲು ಗಂಟೆಯ ನಂತರ ಸ್ಟೇಷನ್ನಿನಲ್ಲಿ 34 ಆಗಬಹುದು. ಅಪರಾಧ ಗಾಡಿ ಓಡಿಸುವಾಗಿನ ಮಟ್ಟದ್ದು, ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತಾಗಿನದ್ದಲ್ಲ.

ಇಲ್ಲಿ ಕೆಲವು ನಂಬಿಕೆಗಳನ್ನು ಬದಿಗಿಡಬೇಕು. "ನನಗೆ ಶುಗರ್ ಇದೆ, ಅದಕ್ಕೆ ತೋರಿಸಿತು" ಎನ್ನುವ ವಾದ ತುಂಬಾ ಕೇಳಿಬರುತ್ತದೆ. ಸಕ್ಕರೆ ಕಾಯಿಲೆ ಕೈಮೀರಿದಾಗ ಉಸಿರಿನಲ್ಲಿ ಅಸಿಟೋನ್ ಬರುವುದು ನಿಜ. ಅಗ್ಗದ ಸೆಮಿಕಂಡಕ್ಟರ್ ಯಂತ್ರ ಅದಕ್ಕೆ ಮೋಸ ಹೋಗಬಹುದು. ಫ್ಯೂಯಲ್ ಸೆಲ್ ಅಸಿಟೋನ್‌ಗೆ ಅಷ್ಟಾಗಿ ಸ್ಪಂದಿಸುವುದಿಲ್ಲ. ಹಾಗಾಗಿ ಯಾವ ಯಂತ್ರ ಎಂದು ಕೇಳದೆ ಈ ವಾದ ಮಾಡಿದರೆ ಸರ್ಕಾರಿ ವಕೀಲರು ಎರಡೇ ಪ್ರಶ್ನೆಯಲ್ಲಿ ಮುಗಿಸುತ್ತಾರೆ. ಎಲೆ ಅಡಿಕೆ, ಪುದಿನ, ಈರುಳ್ಳಿ ಅಂತೂ ಸುಮ್ನೆ. ವಾಸನೆ ಮುಚ್ಚಬಹುದು, ಅಂಕಿ ಇಳಿಯುವುದಿಲ್ಲ. ಸ್ಯಾನಿಟೈಸರ್ ಮಾತ್ರ ನಿಜವಾದ ತೊಂದರೆ. ಪೊಲೀಸರೇ ಕೈಗೆ ಹಚ್ಚಿಕೊಂಡು ಒಣಗುವ ಮುಂಚೆ ಯಂತ್ರ ಹಿಡಿದರೆ ಅದರ ಆವಿ ಒಳಗೆ ಹೋಗಬಹುದು.

ಆವಿ ಇದೆಯೋ ಇಲ್ಲವೋ ಗೊತ್ತಾಗುವುದು ಹೇಗೆ? ಯಂತ್ರದಲ್ಲೇ ಉತ್ತರ ಇದೆ. ಊದಿಸುವ ಮುಂಚೆ ಅದು ಸುತ್ತಲಿನ ಬರೀ ಗಾಳಿಯನ್ನು ಎಳೆದುಕೊಂಡು ಅಳೆಯುತ್ತದೆ. ಇದಕ್ಕೆ ಏರ್ ಬ್ಲ್ಯಾಂಕ್ ಎನ್ನುತ್ತಾರೆ. ಅಲ್ಲಿ ಸೊನ್ನೆ ಬರಬೇಕು. ಬರದಿದ್ದರೆ ಹಿಂದಿನವನ ಉಸಿರಿನ ಆಲ್ಕೋಹಾಲ್ ಇನ್ನೂ ಒಳಗೆ ಉಳಿದಿದೆ, ಅಥವಾ ಸುತ್ತ ಆವಿ ಇದೆ ಎಂದರ್ಥ. 2025ರಲ್ಲಿ ಕೇರಳ ಹೈಕೋರ್ಟ್ ಇದೇ ಕಾರಣಕ್ಕೆ ಒಬ್ಬರ ಮೇಲಿನ 185ರ ಕೇಸನ್ನು ರದ್ದು ಮಾಡಿತು. ಪರೀಕ್ಷೆಗೂ ಮುಂಚೆ ಬ್ಲ್ಯಾಂಕ್ 0.000 ತೋರಿಸಿರಬೇಕು, ಇಲ್ಲವಾದರೆ ಆಮೇಲಿನ ಅಂಕಿಯನ್ನು ನೆಚ್ಚಿಕೊಳ್ಳುವಂತಿಲ್ಲ ಎಂದಿತು. ಹಲಸಿಗಿಂತ ಈ ತೀರ್ಪು ವಾಟ್ಸ್‌ಆ್ಯಪ್‌ನಲ್ಲಿ ಓಡಾಡಬೇಕಿತ್ತು.

ಯಂತ್ರದಿಂದ ಬರುವ ಆ ಸಣ್ಣ ಚೀಟಿಯನ್ನು ಹೆಚ್ಚಿನವರು ನೋಡುವುದೇ ಇಲ್ಲ. ನೋಡಿದರೂ ಕಣ್ಣು ಒಂದೇ ಅಂಕಿಯ ಮೇಲೆ. ಚೀಟಿಯಲ್ಲಿ ಸಾಮಾನ್ಯವಾಗಿ ಯಂತ್ರದ ಸೀರಿಯಲ್ ನಂಬರ್, ಪರೀಕ್ಷೆಯ ನಂಬರ್, ದಿನ, ಸಮಯ, ಬ್ಲ್ಯಾಂಕ್ ಎಷ್ಟು ಬಂತು, ಊದಿದ್ದು ಎಷ್ಟು ಬಂತು ಎಲ್ಲ ಇರುತ್ತದೆ. ಕೆಲವು ಯಂತ್ರಗಳಲ್ಲಿ ಕೊನೆಯ ಸಲ ಕ್ಯಾಲಿಬ್ರೇಷನ್ ಆದ ದಿನವೂ ಇರುತ್ತದೆ. ಯಂತ್ರದ ಗಡಿಯಾರ ತಪ್ಪಿದ್ದರೆ ಚೀಟಿಯ ಸಮಯವೂ ತಪ್ಪು. ಚೀಟಿಯಲ್ಲಿ 11.20, ಪೊಲೀಸರ ದಾಖಲೆಯಲ್ಲಿ 10.50 ಇದ್ದರೆ ಪಾಟಿ ಸವಾಲಿಗೆ ಅಲ್ಲಿಂದಲೇ ದಾರಿ ಸಿಗುತ್ತದೆ.

ಕ್ಯಾಲಿಬ್ರೇಷನ್ ಅಂದರೆ, ಗೊತ್ತಿರುವ ಪ್ರಮಾಣದ ಆಲ್ಕೋಹಾಲ್ ಇರುವ ಗಾಳಿಯನ್ನು ಯಂತ್ರಕ್ಕೆ ಕೊಟ್ಟು ಅದು ಸರಿಯಾಗಿ ಹೇಳುತ್ತದೆಯೇ ನೋಡಿ ತಿದ್ದುವುದು. ಇದೊಂದು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕ ದೊಡ್ಡ ಉದಾಹರಣೆ. ನ್ಯೂಜೆರ್ಸಿಯಲ್ಲಿ ಆಲ್ಕೋಟೆಸ್ಟ್ ಯಂತ್ರದ ಒಳಗಿನ ಪ್ರೋಗ್ರಾಮನ್ನೇ ತಜ್ಞರಿಂದ ತಪಾಸಣೆ ಮಾಡಿಸಿ, 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೆಲವು ಷರತ್ತು ಹಾಕಿ ಯಂತ್ರ ಸರಿಯಿದೆ ಎಂದಿತ್ತು. ಕೆಲವು ವರ್ಷದ ನಂತರ ಬೇರೆಯದೇ ಹುಳುಕು ಬಯಲಾಯಿತು. ಕ್ಯಾಲಿಬ್ರೇಷನ್‌ಗೆ ಬಳಸುವ ದ್ರಾವಣ 34 ಡಿಗ್ರಿ ಬಿಸಿ ಇರಬೇಕು. ಅದನ್ನು ಪ್ರಮಾಣಿತ ಥರ್ಮಾಮೀಟರಿನಲ್ಲಿ ನೋಡಬೇಕಿತ್ತು. ಒಬ್ಬ ಪೊಲೀಸ್ ಸಾರ್ಜೆಂಟ್ ಆ ಹೆಜ್ಜೆ ಬಿಟ್ಟಿದ್ದ. 2018ರ ನವೆಂಬರ್‌ನಲ್ಲಿ ಅದೇ ಕೋರ್ಟ್ ಆ ಯಂತ್ರಗಳ ಅಂಕಿಗಳನ್ನು ಸಾಕ್ಷ್ಯವಾಗಿ ಒಪ್ಪಲಾಗದು ಎಂದಿತು. ಐದು ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳ ಹಾಗೆ) ಅದು ತಟ್ಟಿದ್ದು 20,667 ಜನರಿಗೆ.

ಮ್ಯಾಸಚೂಸೆಟ್ಸ್‌ನ ಕತೆ ಇನ್ನೂ ಕೆಟ್ಟದ್ದು. ಅಲ್ಲಿ ಯಂತ್ರ ನೋಡಿಕೊಳ್ಳುವ ಸರ್ಕಾರಿ ಕಚೇರಿ, ಕ್ಯಾಲಿಬ್ರೇಷನ್ ವಿಫಲವಾದ ನೂರಾರು ದಾಖಲೆಗಳನ್ನು ಆರೋಪಿಗಳ ವಕೀಲರಿಗೆ ಕೊಡದೆ ಮುಚ್ಚಿಟ್ಟಿತ್ತು. 2023ರಲ್ಲಿ ರಾಜ್ಯದ ಅತ್ಯುನ್ನತ ಕೋರ್ಟ್, 2011ರ ಜೂನ್‌ನಿಂದ 2019ರ ಏಪ್ರಿಲ್ 18ರವರೆಗಿನ ಉಸಿರು ಪರೀಕ್ಷೆಗಳನ್ನು ಸಾಕ್ಷ್ಯದಿಂದ ಹೊರಗಿಟ್ಟಿತು. ಸುಮಾರು 27,000 ಜನರಿಗೆ ತಮ್ಮ ಕೇಸನ್ನು ಮತ್ತೆ ತೆರೆಸುವ ದಾರಿ ಸಿಕ್ಕಿತು.

ಅಲ್ಲಿ ಇದೆಲ್ಲ ಹೊರಬಂದದ್ದು ವಕೀಲರು ಪಟ್ಟು ಹಿಡಿದು ದಾಖಲೆ ಕೇಳಿದ್ದರಿಂದ. ನಮ್ಮಲ್ಲಿ ಯಾರು ಕೇಳುತ್ತಾರೆ? ಗಾಡಿ ಸ್ಟೇಷನ್ನಿನಲ್ಲಿ ಬಿಸಿಲಿಗೆ ಒಣಗುತ್ತಿರುತ್ತದೆ. ವಕೀಲರ ಫೀಸು ದಂಡವನ್ನೇ ಮೀರುತ್ತದೆ. ಕೇಸು ನಡೆಸಿದರೆ ಎಷ್ಟು ಸಲ ಕೋರ್ಟಿಗೆ ಅಲೆಯಬೇಕೋ ಗೊತ್ತಿಲ್ಲ. ಹೀಗಾಗಿ ಬಹುತೇಕರು ಕೋರ್ಟಿಗೆ ಹೋಗಿ ತಪ್ಪೊಪ್ಪಿಕೊಂಡು, 10,000 ಕಟ್ಟಿ, ರಸೀದಿ ತೋರಿಸಿ ಗಾಡಿ ಬಿಡಿಸಿಕೊಂಡು ಬರುತ್ತಾರೆ. ನಿಜವಾಗಿ ಕುಡಿದವನಿಗೆ ಇದು ಅಗ್ಗದ ದಾರಿ. 31 ಬಂದವನಿಗೂ ಇದೇ ಅಗ್ಗದ ದಾರಿ. ಆದರೆ ಯಾರೂ ಪ್ರಶ್ನಿಸದೆ ಇದ್ದಾಗ ಯಂತ್ರ ಸರಿಯಿದೆಯೋ ಇಲ್ಲವೋ ಎಂಬುದು ಪೊಲೀಸರಿಗೂ ಗೊತ್ತಾಗುವುದಿಲ್ಲ.

ರಕ್ತ ಪರೀಕ್ಷೆ ಮಾಡಿಸಿದರೆ ಎಲ್ಲ ಸರಿಹೋಗುತ್ತದೆಯೇ? ಸೆಕ್ಷನ್ 204ರಲ್ಲಿ ಅದಕ್ಕೆ ಅವಕಾಶ ಇದೆ. ಆದರೆ ಬಂಧನದಲ್ಲಿರುವವನಿಂದ ರಕ್ತ ಕೇಳುವ ಅಧಿಕಾರ ಪೊಲೀಸರಿಗೆ. "ನನ್ನ ರಕ್ತ ಪರೀಕ್ಷೆ ಮಾಡಿಸಿ" ಎಂದು ಚಾಲಕ ಹಟ ಹಿಡಿಯಬಹುದು ಎಂದು ಅಲ್ಲಿ ಬರೆದಿಲ್ಲ. ಹಾಗಂತ ಕೇಳಬಾರದು ಎಂದೂ ಇಲ್ಲ. ಕೇಳಿದ್ದನ್ನು ಬರವಣಿಗೆಯಲ್ಲಿ ಕೊಟ್ಟರೆ, ಯಾಕೆ ಮಾಡಿಸಲಿಲ್ಲ ಎಂದು ಮುಂದೆ ಪೊಲೀಸರು ಉತ್ತರಿಸಬೇಕಾಗುತ್ತದೆ. ಸೆಕ್ಷನ್ 202ರಲ್ಲಿ ಇನ್ನೊಂದು ಮಾತಿದೆ. 185ರಡಿ ಬಂಧಿಸಿದರೆ ಎರಡು ತಾಸಿನೊಳಗೆ ವೈದ್ಯರಿಂದ ಪರೀಕ್ಷೆ ಆಗಬೇಕು, ಇಲ್ಲದಿದ್ದರೆ ಬಿಡಬೇಕು. ಆದರೆ ಊದಿಸಿ, ಗಾಡಿ ಇಟ್ಟುಕೊಂಡು, ನೋಟಿಸ್ ಕೊಟ್ಟು ಆಟೊ ಹತ್ತಿಸಿ ಕಳಿಸಿದರೆ ಬಂಧನವೇ ಆಗಿಲ್ಲವಲ್ಲ. ಈ ಕಲಮು ಹಾಗೇ ಕಾಗದದಲ್ಲಿ ಉಳಿಯುತ್ತದೆ.

ರಕ್ತದಲ್ಲೂ ತಪ್ಪು ನುಸುಳಲು ಜಾಗ ಬೇಕಷ್ಟಿದೆ. ಸೂಜಿ ಚುಚ್ಚುವ ಮುಂಚೆ ತೋಳಿಗೆ ಸ್ಪಿರಿಟ್ ಹತ್ತಿ ಒರೆಸುವುದು ನರ್ಸ್‌ಗಳಿಗೆ ಅಭ್ಯಾಸ. ಆಲ್ಕೋಹಾಲ್ ಪರೀಕ್ಷೆಗೆ ಹಾಗೆ ಮಾಡಬಾರದು. ರಕ್ತ ಹಾಕುವ ಸೀಸೆಯಲ್ಲಿ ಸೋಡಿಯಂ ಫ್ಲೋರೈಡ್ ಇರಬೇಕು. ಇಲ್ಲದಿದ್ದರೆ ರಕ್ತದಲ್ಲಿರುವ ಸಕ್ಕರೆಯನ್ನು ಸೂಕ್ಷ್ಮಜೀವಿಗಳು ಹುಳಿಸಿ ಅಲ್ಲೇ ಆಲ್ಕೋಹಾಲ್ ಮಾಡಬಹುದು. ಫ್ರಿಜ್‌ನಲ್ಲಿಡದೆ ಠಾಣೆಯ ಕಪಾಟಿನಲ್ಲಿ ನಾಲ್ಕು ದಿನ ಇಟ್ಟು ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಎಫ್‌ಎಸ್‌ಎಲ್) ಕಳಿಸಿದರೆ ಬರುವ ವರದಿಗೆ ಎಷ್ಟು ಬೆಲೆ? ಆಸ್ಪತ್ರೆಯಲ್ಲಿ ಚಿಕಿತ್ಸೆಗೆಂದು ಸೀರಂನಲ್ಲಿ (ರಕ್ತಕಣ ತೆಗೆದ ಮೇಲೆ ಉಳಿಯುವ ತಿಳಿ ದ್ರವದಲ್ಲಿ) ಅಳೆದ ಅಂಕಿ ಇಡೀ ರಕ್ತದ ಅಂಕಿಗಿಂತ ಹೆಚ್ಚೇ ಇರುತ್ತದೆ. ಅದನ್ನು ಹಾಗೇ ಕೋರ್ಟಿಗೆ ತರುವಂತಿಲ್ಲ.

ಪುಣೆಯ ಪೋರ್ಶೆ ಪ್ರಕರಣ ಗೊತ್ತಲ್ಲ. 2024ರ ಮೇ 19ರ ನಸುಕಿನಲ್ಲಿ ಕಲ್ಯಾಣಿನಗರದಲ್ಲಿ ಇಬ್ಬರು ಎಂಜಿನಿಯರ್‌ಗಳು ಸತ್ತರು. ಕಾರು ಓಡಿಸುತ್ತಿದ್ದವನು ಹದಿನೇಳರ ಹುಡುಗ. ಸಸೂನ್ ಆಸ್ಪತ್ರೆಯಲ್ಲಿ ಅವನ ರಕ್ತ ತೆಗೆದದ್ದು ಎಂಟು ಗಂಟೆಗೂ ಹೆಚ್ಚು ತಡವಾಗಿ. ಆ ಮಾದರಿಯನ್ನು ಎಸೆದು ಬೇರೆಯವರ ರಕ್ತ ಇಟ್ಟರು ಎಂಬುದು ಪೊಲೀಸರ ಆರೋಪ. ಇನ್ನೊಂದು ಆಸ್ಪತ್ರೆಯಲ್ಲಿ ತೆಗೆದಿದ್ದ ಮಾದರಿಯ ಡಿಎನ್‌ಎ ಜೊತೆ ಹೋಲಿಸಿದಾಗ ಅದು ಬಯಲಾಯಿತು. ಇಬ್ಬರು ವೈದ್ಯರ ಬಂಧನ ಆಯಿತು. ಅದಲುಬದಲು ಹಾಗಿರಲಿ, ಬರೀ ಎಂಟು ಗಂಟೆಯ ಲೆಕ್ಕ ನೋಡಿ. ದೇಹ ಗಂಟೆಗೆ ಸರಾಸರಿ 15 ಮಿಲಿಗ್ರಾಂನಷ್ಟು ಇಳಿಸುತ್ತದೆ. ಎಂಟು ಗಂಟೆಗೆ 120. ಮಿತಿಯ ನಾಲ್ಕು ಪಟ್ಟು ಕುಡಿದವನ ರಕ್ತವೂ ಅಷ್ಟು ಹೊತ್ತಿಗೆ ಸೊನ್ನೆಗೆ ಬರಬಹುದು.

ಈ ವಿಷಯ ಎತ್ತಿದರೆ "ಕುಡುಕರ ಪರ ವಾದ" ಎನ್ನುವವರಿದ್ದಾರೆ. 2022ರ ಒಂದೇ ವರ್ಷ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು ಎನ್ನುತ್ತದೆ ಕೇಂದ್ರ ಸರ್ಕಾರದ ವರದಿ. ಕುಡಿದು ಓಡಿಸುವವರ ಬಗ್ಗೆ ನನಗೂ ಕರುಣೆಯಿಲ್ಲ. ಆದರೆ ಸಡಿಲ ಸಾಕ್ಷ್ಯದಿಂದ 31 ಬಂದ ಬಡಪಾಯಿ ದಂಡ ಕಟ್ಟುತ್ತಾನೆ, ದುಡ್ಡಿದ್ದವನು ದೊಡ್ಡ ವಕೀಲರನ್ನಿಟ್ಟು ಅದೇ ಸಡಿಲದಲ್ಲಿ ನುಣುಚಿಕೊಳ್ಳುತ್ತಾನೆ.

ಯಂತ್ರವೂ ಇಲ್ಲ, ರಕ್ತವೂ ಇಲ್ಲ ಎನ್ನುವ ಕೇಸುಗಳ ಬಗ್ಗೆ ಸುಪ್ರೀಂ ಕೋರ್ಟ್ 1971ರಲ್ಲೇ ಮಾತಾಡಿದೆ. ಬಚುಭಾಯಿ ಪ್ರಕರಣದಲ್ಲಿ ವೈದ್ಯರು ವಾಸನೆ ಬರುತ್ತಿತ್ತು, ನಡಿಗೆ ತಪ್ಪುತ್ತಿತ್ತು, ಮಾತು ತೊದಲುತ್ತಿತ್ತು, ಕಣ್ಣಿನ ಪಾಪೆ ಹಿಗ್ಗಿತ್ತು ಎಂದಿದ್ದರು. ಇಷ್ಟರಿಂದ ಕುಡಿದಿದ್ದ ಎಂದು ಖಚಿತವಾಗಿ ಹೇಳಲಾಗದು, ರಕ್ತ ಅಥವಾ ಮೂತ್ರ ಪರೀಕ್ಷೆ ಬೇಕು ಎಂದಿತು ಕೋರ್ಟ್. ಪಾನನಿಷೇಧ ಇರುವ ಬಿಹಾರದಲ್ಲಿ ಪಟ್ನಾ ಹೈಕೋರ್ಟ್ 2024ರಲ್ಲಿ ಇದೇ ತೀರ್ಪು ಹಿಡಿದು, ಉಸಿರು ಯಂತ್ರದ ವರದಿಯೊಂದೇ ಕುಡಿದಿದ್ದಕ್ಕೆ ಅಂತಿಮ ಪುರಾವೆಯಲ್ಲ ಎಂದಿತು. ಆದರೆ ಬೀಗಬೇಡಿ. 185ರಲ್ಲಿ ಉಸಿರು ಯಂತ್ರದ ಹೆಸರೇ ಇದೆ, ಹಾಗಾಗಿ ಆ ಮಾತು ಇಲ್ಲಿ ಅಷ್ಟೇ ಬಲವಾಗಿ ನಿಲ್ಲುವುದಿಲ್ಲ. ಕ್ರಿಮಿನಲ್ ಕೇಸಿನಲ್ಲಿ ಬಚಾವಾದವನಿಗೆ ವಿಮೆ ಸಿಗುತ್ತದೆ ಎಂಬ ಖಾತರಿಯೂ ಇಲ್ಲ. ದೆಹಲಿಯಲ್ಲಿ 2007ರಲ್ಲಿ ಸುಟ್ಟುಹೋದ ಒಂದು ಪೋರ್ಶೆ ಕಾರಿನ ವಿಮೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಬೇರೆ ದಾರಿ ಹಿಡಿಯಿತು. ಯಾವ ಪರೀಕ್ಷೆಯೂ ಆಗಿರದಿದ್ದರೂ ವಾಸನೆ, ಅಪಘಾತ ಆದ ರೀತಿ ಎಲ್ಲ ನೋಡಿ ವಿಮಾ ಕಂಪನಿಯ ಪರ ನಿಂತಿತು. ಅಲ್ಲಿ ಬೇಕಾದ ಪುರಾವೆಯ ತೂಕವೇ ಬೇರೆ.

ಊದುವುದಿಲ್ಲ ಎಂದು ಹಟ ಮಾಡುವುದು ಇನ್ನೂ ದಡ್ಡತನ. ಸೆಕ್ಷನ್ 205ರ ಪ್ರಕಾರ, ಸರಿಯಾದ ಕಾರಣ ಇಲ್ಲದೆ ನಿರಾಕರಿಸಿದರೆ ಅದನ್ನೇ ನಿಮ್ಮ ವಿರುದ್ಧ ಪುರಾವೆಗೆ ಬಲ ಎಂದು ಕೋರ್ಟ್ ನೋಡಬಹುದು. 203ರಡಿ ಬಂಧಿಸಲೂಬಹುದು.

ಒಂದು ಒಳ್ಳೆಯ ಬೆಳವಣಿಗೆಯೂ ಇದೆ. ತರಕಾರಿ ಅಂಗಡಿಯ ತಕ್ಕಡಿಗೆ ಸರ್ಕಾರ ಮುದ್ರೆ ಹಾಕುತ್ತದೆ, ಪೆಟ್ರೋಲ್ ಬಂಕಿನ ಪಂಪಿಗೂ ಹಾಕುತ್ತದೆ. ಮನುಷ್ಯನನ್ನು ಜೈಲಿಗೆ ಕಳಿಸಬಲ್ಲ ಯಂತ್ರಕ್ಕೆ ಇಂಥ ಮುದ್ರೆ ಬೇಡವೇ? 2024ರ ನವೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ, ಉಸಿರು ಯಂತ್ರಗಳನ್ನೂ ಕಾನೂನು ಮಾಪನ ನಿಯಮಗಳ ಕೆಳಗೆ ತರುವ ಕರಡು ಹೊರಡಿಸಿತು. ವರ್ಷಕ್ಕೊಮ್ಮೆ ತಪಾಸಣೆ ಮಾಡಿ ಮುದ್ರೆ ಹಾಕುವ ಯೋಚನೆ ಅದರಲ್ಲಿದೆ. ಅದು ಸರಿಯಾಗಿ ನಡೆದರೆ ಪೊಲೀಸರ ಕೇಸೇ ಗಟ್ಟಿಯಾಗುತ್ತದೆ.

ಅಲ್ಲಿಯವರೆಗೆ ವಕೀಲರು ಕೇಳಬೇಕಾದದ್ದು ಇಷ್ಟು. ಚೀಟಿಯಲ್ಲಿರುವ ಸೀರಿಯಲ್ ನಂಬರಿನ ಯಂತ್ರಕ್ಕೆ ಕ್ಯಾಲಿಬ್ರೇಷನ್ ಯಾವಾಗ ಆಯಿತು, ಯಾರು ಮಾಡಿದರು, ಪ್ರಮಾಣಪತ್ರ ಎಲ್ಲಿ? ಆ ಮಾದರಿಯನ್ನು ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಒಪ್ಪಿದೆಯೇ? 203ರ ವಿವರಣೆಯಲ್ಲೇ ಆ ಷರತ್ತಿದೆ. ಚೀಟಿ ಯಂತ್ರದಿಂದ ಬಂದ ಎಲೆಕ್ಟ್ರಾನಿಕ್ ದಾಖಲೆ ಆದ್ದರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಇದೆಯೇ? ಕೊನೆಯದಾಗಿ, ಯಂತ್ರದ ಮೆಮೊರಿಯಲ್ಲಿ ಆ ರಾತ್ರಿ ಊದಿಸಿದ ಎಲ್ಲರ ಅಂಕಿ ಇರುತ್ತದೆ. ಹೆಸರು ತೆಗೆದು ಬರೀ ಅಂಕಿ ಮತ್ತು ಬ್ಲ್ಯಾಂಕ್ ಕೊಡಿ ಎಂದು ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 94ರಡಿ ಕೋರ್ಟಿಗೆ ಅರ್ಜಿ ಹಾಕಬಹುದು. ಒಬ್ಬರ ಹಿಂದೆ ಒಬ್ಬರು ಊದಿದಾಗಲೂ ಬ್ಲ್ಯಾಂಕ್ ಪ್ರತಿ ಸಲ ಸೊನ್ನೆಗೆ ಇಳಿದಿದ್ದರೆ ಕೇಸು ಗಟ್ಟಿ, ದಂಡ ಕಟ್ಟುವುದೇ ವಾಸಿ. ಇಳಿದಿಲ್ಲವಾದರೆ ನಿಮ್ಮ ಚೀಟಿಯಲ್ಲಿರುವ ಅಂಕಿಯಲ್ಲಿ ಹಿಂದಿನವನ ಉಸಿರಿನ ಪಾಲೂ ಇರಬಹುದು.